ಅಡ್ಡಾದಲ್ಲಿ ಹೇಳಬೇಕಾದ ಮಾತು

ಮೆಹದಿಪಟ್ಟಣಂನಿಂದ ತಾರ್ನಾಕದವರೆಗೆ ಎಷ್ಟು ಮನೆಗಳ ಗೋಡೆಗೆ ನಾನು ಸಿಮೆಂಟಿನ ಗಿಲಾವು ಹಾಕಿದ್ದೇನೋ ಲೆಕ್ಕವಿಟ್ಟಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟು, ಯಾದಗಿರಿ ಕಡೆಯ ಹಳ್ಳಿಯಿಂದ ಬಂದು, ಕಲಸಿದ ಸಿಮೆಂಟು ಹೊರುವ ಆಳಾಗಿ ಸೇರಿದವನು ನಾನು. ಆ ಕಲಸಿದ ಸಿಮೆಂಟಿಗೆ ನಾವು ಮಾಲು ಅನ್ನುತ್ತೇವೆ. ಇಪ್ಪತ್ತೆರಡನೇ ವಯಸ್ಸಿಗೆ ಮೇಸ್ತ್ರಿಯಾದೆ. ಯಾರ ಕಾಲೂ ಹಿಡಿಯಲಿಲ್ಲ. ಸೆರೆ ಕುಡಿಯಲಿಲ್ಲ. ಕೊನೆಯ ಪದರವನ್ನು ಬರಿಗೈಯಿಂದ ಸವರಿ ನೋಡುವುದು ನನ್ನ ಪದ್ಧತಿ. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಸಿಗುತ್ತದೆ. ಕೈಗವಸು ಹಾಕಿಕೊಂಡವರನ್ನು ಕಂಡರೆ “ಬಳಿ ಯಾವಾಗ ತೊಟ್ಕೋತಿ?” ಎಂದು ಕೇಳುತ್ತಿದ್ದೆ.

ನಮ್ಮ ತಂಡದಲ್ಲಿ ಹನ್ನೊಂದು ಜನ, ಎಲ್ಲರೂ ನಮ್ಮ ಕಡೆಯವರೇ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಂದು ರೂಢಿ ಇತ್ತು. ಖಾಲಿ ಸಿಮೆಂಟು ಚೀಲ ಹಾಸಿ ಎಲ್ಲರ ರೊಟ್ಟಿ, ಪಲ್ಯ ನಡುವೆ ಇಟ್ಟು ಸುತ್ತ ಕೂಡುತ್ತಿದ್ದೆವು. ಮೇಸ್ತ್ರಿ ಮೊದಲ ರೊಟ್ಟಿ ಮುರಿಯಬೇಕು, ಆಮೇಲೆ ಉಳಿದವರು. ಯಾರ ರೊಟ್ಟಿ ಯಾರ ಹೊಟ್ಟೆಗೆ ಹೋಯಿತು ಎಂದು ಯಾರೂ ನೋಡುತ್ತಿರಲಿಲ್ಲ.

ತಂಡದಲ್ಲಿ ಒಬ್ಬ ಹೆಂಗಸು ಮಾಲು ಹೊರುತ್ತಿದ್ದಳು. ಆಕೆಯ ಗಂಡನೂ ನಮ್ಮಲ್ಲೇ ಇಟ್ಟಿಗೆ ಕೆಲಸ ಮಾಡುತ್ತಿದ್ದ. ಒಂದು ಬೇಸಿಗೆಯಲ್ಲಿ ಆಕೆಯ ಕೈ ಒಡೆಯತೊಡಗಿದವು. ಬೆರಳ ಸಂದಿಯಲ್ಲಿ ಬಿರುಕು, ಬಿರುಕಿನಲ್ಲಿ ನೀರು. ತಂಡದಲ್ಲಿ ನನ್ನ ನಂತರದ ಹಿರಿಯ ಆಳು ಅದನ್ನು ಮೊದಲು ನೋಡಿದ. ಬುತ್ತಿ ಬಿಚ್ಚಿ ಕೂತಾಗ ನನ್ನ ಕಿವಿಯಲ್ಲಿ ಹೇಳಿದ. ನಾನು ಎಲ್ಲರಿಗೂ ಕೇಳುವಂತೆ ಕೇಳಿದೆ.

“ಏನಬೇ ಅದು, ಕೈಗೆ?”

“ಸಿಮೆಂಟ್ ಹತ್ತೇತ್ರಿ ಮೇಸ್ತ್ರಿ. ಎಣ್ಣಿ ಹಚ್ಚಾಕತ್ತೀನಿ, ಕಡಿಮಿ ಆಗತೈತಿ.”

“ಸಿಮೆಂಟ್ ನನಗೂ ಹತ್ತತೈತಿ, ಇಪ್ಪತ್ತು ವರ್ಷದಿಂದ. ನನ್ನ ಕೈ ನೋಡು, ನಿನ್ನ ಕೈ ನೋಡ್ಕೋ. ಇದು ದೊಡ್ಡರೋಗ.”

ನಮ್ಮ ಕಡೆ ಕುಷ್ಠಕ್ಕೆ ದೊಡ್ಡರೋಗ ಅನ್ನುತ್ತಾರೆ. ಆ ಮಾತು ಬಾಯಿಂದ ಬಿದ್ದ ಕೂಡಲೇ ಆಕೆಯ ಅಕ್ಕಪಕ್ಕದವರು ಸರಿದು ಕೂತರು. ನಾನು ಒಂದು ಕಟ್ಟಿಗೆ ಚೂರಿನಿಂದ ಆಕೆಯ ರೊಟ್ಟಿಗಳನ್ನು ಚೀಲದಿಂದ ಹೊರಗೆ ತಳ್ಳಿದೆ. ನಾಯಿ ಎತ್ತಿಕೊಂಡು ಹೋಯಿತು. ಆಕೆ ಅಷ್ಟೊತ್ತಿಗೆ ಭಾನುವಾರ ಭಾನುವಾರ ಯೇಸುವಿನ ಸಭೆಗೆ ಹೋಗಲು ಶುರು ಮಾಡಿದ್ದಳು. ಅದೂ ನೆನಪಾಯಿತು.

“ನಿಮ್ಮ ಯೇಸುನ ಕಡಿಗಿ ಹೋಗಿ ಉಣ್ಣು. ಅಂವಾ ಕುಷ್ಠದವ್ರನ್ನ ಮುಟ್ತಾನಂತಲ್ಲ.”

ಎಲ್ಲರೂ ನಕ್ಕರು. ಆ ನಗು ನನಗೆ ಭಾಳ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಆಕೆಯ ಗಂಡ ನಗಲಿಲ್ಲ. ತಲೆ ತಗ್ಗಿಸಿ ಊಟ ಮುಗಿಸಿದ, ಕೈ ತೊಳೆದ. ಅದೇ ವಾರ ಒಬ್ಬನೇ ಊರಿಗೆ ಹೋದವನು ತಿರುಗಿ ಬರಲಿಲ್ಲ.

ಬೆಳಿಗ್ಗೆ ಕೂಲಿಯಾಳುಗಳು ನಿಲ್ಲುವ ಜಾಗಕ್ಕೆ ಇಲ್ಲಿ ಅಡ್ಡಾ ಅನ್ನುತ್ತಾರೆ. ನಮ್ಮದು ಮೆಹದಿಪಟ್ಟಣಂನಿಂದ ಮುಂದೆ, ಮೇಲ್ಸೇತುವೆಯ ಒಂದು ಕಂಬದ ಬುಡ. ನನ್ನ ಮಾತು ಅಡ್ಡಾಕ್ಕೆ ನನಗಿಂತ ಮೊದಲೇ ಹೋಗಿ ನಿಂತಿತ್ತು. ಯಾವ ಮೇಸ್ತ್ರಿಯೂ ಆಕೆಯನ್ನು ಕರೆಯಲಿಲ್ಲ. ಆಕೆ ಮುಂದಿನ ಕಂಬಕ್ಕೆ ಸರಿದಳು, ಅಲ್ಲಿ ಒಬ್ಬಳೇ ನಿಲ್ಲುತ್ತಿದ್ದಳು. ಗಾಡಿಗಳು ಬಂದು ನಮ್ಮನ್ನು ತುಂಬಿಕೊಂಡು ಆಕೆಯ ಮುಂದಿನಿಂದಲೇ ಹೋಗುತ್ತಿದ್ದವು. ನಾನು ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ಕೂಡುವವನು. ತಿರುಗಿ ನೋಡಿದ್ದು ನೆನಪಿಲ್ಲ.

ಎರಡು ವರ್ಷ ಕಳೆದು ನನ್ನ ಬಲಗೈ ಒಡೆಯಿತು. ಆಮೇಲೆ ಎಡಗೈ. ಕೊಬ್ಬರಿ ಎಣ್ಣೆ, ಅರಿಶಿನ, ಮೆಡಿಕಲ್ ಅಂಗಡಿಯವನು ಕೊಟ್ಟ ಟ್ಯೂಬು, ಯಾವುದೂ ನಾಟಲಿಲ್ಲ. ಸರಕಾರಿ ದವಾಖಾನೆಯ ಚರ್ಮದ ಡಾಕ್ಟರ್ ಕೈಯನ್ನು ತಿರುವಿ ತಿರುವಿ ನೋಡಿ ಉರ್ದುವಿನಲ್ಲಿ ಬಿಡಿಸಿ ಹೇಳಿದರು. ಇದು ಕುಷ್ಠ ಅಲ್ಲ, ಯಾರಿಗೂ ಅಂಟುವುದಿಲ್ಲ. ನಿನ್ನ ಮೈಗೆ ಸಿಮೆಂಟು ಆಗಿಬರುವುದಿಲ್ಲ. ಕೆಲವರಿಗೆ ಮೊದಲ ವರ್ಷವೇ ಹೀಗಾಗುತ್ತದೆ, ಕೆಲವರಿಗೆ ಇಪ್ಪತ್ತು ವರ್ಷ ಕಳೆದ ಮೇಲೆ. ಕೆಲಸ ಬದಲಿಸು.

ರೋಗ ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಸಿಮೆಂಟು ನನ್ನನ್ನು ಒಲ್ಲೆ ಅನ್ನುವುದೆಂದರೇನು? ಆ ಬೆಂಚಿನ ಮೇಲೆ ಕೂತಾಗಲೇ ಹೊಳೆದದ್ದು, ಆ ಹೆಂಗಸಿನದೂ ಇದೇ ಆಗಿತ್ತೆಂದು. ಆಕೆ ಅಂದು ಹೇಳಿದ್ದೂ ಇದನ್ನೇ. ಡಾಕ್ಟರ ಮಾತನ್ನು ಹೊರಗೆ ಹೇಳಿದರೆ ಆಕೆ ಗೆದ್ದಂತೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಜನ ಬಾಯಿ ಬಿಟ್ಟರು, ಮೇಸ್ತ್ರಿಗೂ ದೊಡ್ಡರೋಗ ಎಂದು. ಮನೆಯಲ್ಲಿ ಹೆಂಡತಿ ನಾನು ಉಣ್ಣುವ ಗಂಗಾಳ ಬೇರೆ ಇಟ್ಟಳು. “ಮಕ್ಕಳದಾವ್ರಿ ಮನ್ಯಾಗ, ನಾ ಏನ ಮಾಡ್ಲಿ?” ಎಂದಳು, ಗೋಡೆಯ ಕಡೆ ಮುಖ ಮಾಡಿ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ, ಅದೇ ಹಿರಿಯ ಆಳು ನನ್ನ ರೊಟ್ಟಿಯನ್ನು ಪೇಪರಿನಲ್ಲಿ ಹಿಡಿದು ಎರಡು ಮಾರು ದೂರ ಇಟ್ಟು ಬಂದ.

“ಏನಲೇ ಇದು?” ಎಂದೆ.

“ಸಿಟ್ಟಾಗಬ್ಯಾಡ್ರಿ. ನೀವಾ ಕಲಿಸಿದ್ದಲ್ಲೇನ್ರಿ ಮೇಸ್ತ್ರಿ?”

ತಿಂಗಳೊಳಗೆ ತಂಡ ಅವನದಾಯಿತು.

ಆಗ ನಾನು ಯೇಸುವಿನ ಸಭೆಗೆ ಹೋದೆ. ಭಕ್ತಿಯಿಂದಲ್ಲ. ಅಲ್ಲಿ ಕಾಯಿಲೆ ವಾಸಿಯಾಗುತ್ತದೆ ಎಂದು ಕೇಳಿದ್ದೆ, ನನಗೆ ನನ್ನ ಕೈ ಬೇಕಾಗಿದ್ದವು. ತಗಡು ಹೊದಿಸಿದ ಹಾಲ್, ನೆಲಕ್ಕೆ ಚಾಪೆ, ಪ್ರಾರ್ಥನೆ ಎಲ್ಲ ತೆಲುಗಿನಲ್ಲಿ. ಪಾಸ್ಟರ್ ಮಾತ್ರ ಬೀದರ ಕಡೆಯವರು, ನಮ್ಮ ಹತ್ತಿರ ಕನ್ನಡ ಮಾತಾಡುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ.

“ಅಯ್ಯ, ನಾ ಪುಕ್ಕಟೆ ಕೇಳಾಕ ಬಂದಿಲ್ಲ. ಕೈ ನೆಟ್ಟಗಾದ್ರ ನಿಮ್ಮ ಹಿಂದಿನ ಗ್ವಾಡಿ ಪೂರಾ ಗಿಲಾವ ಮಾಡಿಕೊಡ್ತೀನಿ.”

ಪಾಸ್ಟರ್ ನಕ್ಕರು. “ಯೇಸು ಬಡಿಗ್ಯಾ ಇದ್ದಾಂವ. ಅಂವಗ ಮೇಸ್ತ್ರಿಗಳ ಹಿಕಮತ್ತೆಲ್ಲ ಗೊತ್ತೈತಿ. ಗ್ವಾಡಿ ಇರಲಿ, ಮೊದ್ಲ ಕೈ ಚಾಚು.”

ಅವರು ಎಣ್ಣೆ ಹಚ್ಚಿ ನನ್ನ ಎರಡೂ ಕೈ ಹಿಡಿದರು. ಎಷ್ಟೋ ತಿಂಗಳಾಗಿತ್ತು ಯಾರಾದರೂ ನನ್ನನ್ನು ಮುಟ್ಟಿ. ಅಳು ಯಾರಿಗೂ ಕಾಣದ ಹಾಗೆ ಕೆಮ್ಮಿಬಿಟ್ಟೆ.

ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ, ಅಷ್ಟು ದಿನ ಕೆಲಸಕ್ಕೆ ಹೋಗಬಾರದು ಎಂದರು. ಹೋಗಲಿಲ್ಲ. ಕೈ ಒಣಗಿದವು, ಹೊಸ ಚರ್ಮ ಬಂತು. ನನ್ನನ್ನು ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಿದರು. ನಾನು ಕನ್ನಡದಲ್ಲಿ ಹೇಳಿದ್ದನ್ನು ಪಾಸ್ಟರ್ ತೆಲುಗಿಗೆ ತಿರುಗಿಸುವಾಗ ನನ್ನನ್ನು ಕುಡುಕನನ್ನಾಗಿ ಮಾಡಿದರು. ನಡುವೆ ತಡೆದು “ನಾ ಕುಡಿಯೂದಿಲ್ಲ” ಎಂದೆ, ಅದಕ್ಕೂ ಚಪ್ಪಾಳೆ ಬಿತ್ತು. ಎರಡೂ ಕೈ ಮೇಲೆತ್ತಿ ತೋರಿಸಿದೆ. ಹಿಂದೆ, ಚಾಪೆ ಸುತ್ತುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಆಕೆಯೇ. ಹಾಲ್‌ನ ಕಸ ಗುಡಿಸಿಕೊಂಡು ಅಡುಗೆ ಕೋಣೆಯ ಮೂಲೆಯಲ್ಲಿ ಇದ್ದಳಂತೆ. ಆಕೆಯ ಕೈ ಯಾವಾಗಲೋ ವಾಸಿಯಾಗಿದ್ದವು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಪಕ್ಕದಲ್ಲಿ ಹಾದು ಹೋದಳು.

“ಸಿಮೆಂಟ್ ಮುಟ್ಟಿಲ್ಲಲ್ರಿ ಮೇಸ್ತ್ರಿ, ಅದಕ್ಕ.”

ಇವಳಿಗೆ ವಿಶ್ವಾಸವೇ ಇಲ್ಲ ಎಂದು ಮನಸ್ಸಿನಲ್ಲಿ ಬೈದುಕೊಂಡೆ. ಮರುದಿನವೇ ಹರಕೆ ತೀರಿಸಲು ಹಾಲ್‌ನ ಹಿಂದಿನ ಗೋಡೆಗೆ ಕೈ ಹಚ್ಚಿದೆ. ಬರಿಗೈಯಲ್ಲೇ. ಯೇಸು ವಾಸಿ ಮಾಡಿದ ಕೈಗೆ ಗವಸು ತೊಡಿಸಿದರೆ ಅವನನ್ನು ನಂಬದ ಹಾಗೆ ಎಂದು ನನ್ನ ತಿಳುವಳಿಕೆ. ಮೂರನೇ ದಿನಕ್ಕೆ ಗೋಡೆ ಅರ್ಧ ಮುಗಿದಿತ್ತು, ಕೈ ಪೂರಾ ಹೋಗಿದ್ದವು. ಮೊದಲಿಗಿಂತ ಕೆಟ್ಟದಾಗಿ, ಮುಷ್ಟಿ ಕಟ್ಟಿದರೆ ರಕ್ತ ಬರುವಷ್ಟು.

ಚಪ್ಪಾಳೆ ಹೊಡೆದವರೇ ಈಗ ನನ್ನ ಚಾಪೆಯಿಂದ ದೂರ ಕೂತರು. ಒಳಗೆ ಪಾಪ ಇಟ್ಟುಕೊಂಡಿದ್ದಾನೆ ಎಂದು ತೆಲುಗಿನಲ್ಲಿ ಮಾತಾಡಿಕೊಂಡರು. ನನಗೆ ಆ ಭಾಷೆ ಚೆನ್ನಾಗಿ ತಿಳಿಯುತ್ತದೆ ಎಂಬುದು ಅವರಿಗೆ ಮರೆತಿತ್ತೋ, ಬೇಕಿರಲಿಲ್ಲವೋ. ಪಾಸ್ಟರ್ ಪಕ್ಕಕ್ಕೆ ಕರೆದು ಕೇಳಿದರು.

“ಯಾರರ ನಿನ್ನ ಹೆಸರ ಹಿಡದು ಕಣ್ಣೀರ ಹಾಕ್ಯಾರೇನು?”

“ಇಲ್ರಿ. ನಾ ದುಡದು ಉಂಡಾಂವ.”

ಆ ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರೇಮವಿಂದು ಎಂಬ ಊಟ ಇತ್ತು. ಎಲ್ಲರೂ ಸಾಲಾಗಿ ಕೂತು ಒಟ್ಟಿಗೆ ಉಣ್ಣುತ್ತಾರೆ. ನಾನು ಸಾಲಿನ ಕೊನೆಗೆ ಕೂತೆ. ಬಿಸಿ ಅನ್ನ, ಖಾರದ ಸಾರು. ಬೆರಳು ಹಚ್ಚಿದ ಕೂಡಲೇ ಬೆಂಕಿ ಹತ್ತಿದಂತಾಯಿತು. ಮತ್ತೆ ಹಚ್ಚಿದೆ, ಮತ್ತೆ ತೆಗೆದೆ. ಬಡಿಸುತ್ತಿದ್ದ ಆ ಹೆಂಗಸು ನನ್ನ ಮುಂದೆ ನಿಂತು ಎಷ್ಟೋ ಹೊತ್ತು ನೋಡಿದಳು. ಆಕೆಗೆ ಆ ಉರಿ ಹೇಗಿರುತ್ತದೆ ಎಂದು ಗೊತ್ತಿತ್ತು, ಅವಸರ ಮಾಡಲಿಲ್ಲ. ಆಮೇಲೆ ಬಕೀಟು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ಅನ್ನ ಕಲಸಿದಳು.

“ಬಾಯಿ ತಗೀರಿ.”

“ಬ್ಯಾಡ.”

“ಹಸದೀರಿ. ತಗೀರಿ ಬಾಯಿ.”

ಸಾಲಿನಲ್ಲಿದ್ದ ಅಷ್ಟೂ ಮಂದಿ ನೋಡುತ್ತಿದ್ದರು. ತೆಗೆದೆ. ಆಕೆ ತುತ್ತನ್ನು ಒಳಗೆ ತಳ್ಳಿದಳು, ಮಗುವಿಗೆ ಇಡುವ ಹಾಗಲ್ಲ, ಚೀಲ ತುಂಬುವ ಹಾಗೆ. “ನುಂಗ್ರಿ” ಎಂದಳು. ಮೂರನೇ ತುತ್ತು ನನ್ನಿಂದ ನುಂಗಲಾಗಲಿಲ್ಲ. ನಲವತ್ತು ದಾಟಿದ ಗಂಡಸು, ಬಾಯಲ್ಲಿ ಅನ್ನ ಇಟ್ಟುಕೊಂಡು ಅತ್ತೆ.

“ನಂದು ತಪ್ಪಾತವ್ವಾ. ಆವತ್ತ ನಾ ಮಾಡಿದ್ದು ತಪ್ಪು. ನನ್ನ ಕ್ಷಮಿಸು.”

ಪಾಸ್ಟರ್ ಹಲ್ಲೆಲೂಯ ಎಂದರು. ಸಾಲೆಲ್ಲ ಹಲ್ಲೆಲೂಯ ಎಂದಿತು. ಯಾರೋ ಹಾಡು ಎತ್ತಿದರು. ಆಕೆ ಕೈ ಝಾಡಿಸಿ ಎದ್ದು ನಿಂತಳು.

“ಇಲ್ಲಿ ಬ್ಯಾಡ್ರಿ ಮೇಸ್ತ್ರಿ. ಇವರ್ಯಾರೂ ನನ್ನ ಹೊರಗ ಹಾಕಿಲ್ಲ. ಇಲ್ಲಿ ಕ್ಷಮಾ ಕೇಳಿದ್ರ ನಿಮಗ ಚಪ್ಪಾಳಿ ಸಿಗತೈತಿ, ನನಗೇನ ಸಿಗತೈತಿ? ದಿನಾ ಮುಂಜಾನೆ ಆ ಕಂಬದ ಹತ್ರ ನಿಂತ ಬರ್ತೀನಿ, ನನ್ನ ಇನ್ನೂ ಯಾರೂ ಕೆಲಸಕ್ಕ ಕರಿಯವಲ್ರು. ಅಡ್ಡಾದಾಗ ಹೇಳ್ರಿ. ಮುಂಜಾನೆ, ಮಂದಿ ತುಂಬಿದಾಗ.”

“ತಂಗೆಮ್ಮಾ, ಕ್ಷಮಿಸೂದು ಯೇಸುನ ಆಜ್ಞೆ,” ಎಂದರು ಪಾಸ್ಟರ್.

“ಹೌದ್ರಿ ಅಯ್ಯ. ಅಡ್ಡಾದಾಗೂ ಯೇಸು ಇರ್ತಾನ.”

ಎರಡು ಭಾನುವಾರ ನಾನು ಸಭೆಗೆ ಹೋಗಲಿಲ್ಲ. ಯೇಸುವಿಗೆ ಮಾತ್ರ ದಿನಾ ಹೇಳುತ್ತಿದ್ದೆ, ನೀನು ಕ್ಷಮಿಸಿದರೆ ಸಾಕು, ಆ ಹೆಂಗಸಿನ ಗೊಡವೆ ನಡುವೆ ಯಾಕೆ? ಅವನು ನನಗೆ ನನ್ನ ಕೈಯನ್ನೂ ತಿರುಗಿ ಕೊಡಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಕಣ್ಣು ಮುಚ್ಚಿದರೆ ಆ ಕಂಬ ಕಾಣುತ್ತಿತ್ತು, ಕಂಬದ ಬುಡದಲ್ಲಿ ಆಕೆ. ಯೇಸುವಿನ ಮುಂದೆ ಹೋಗಬೇಕೆಂದರೆ ಆಕೆಯ ಮುಂದಿನಿಂದಲೇ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ನೀನು ಯಾವಾಗ ನಂಬಿದೆ ಎಂದು ಇವತ್ತು ಯಾರಾದರೂ ಕೇಳಿದರೆ, ಕೈ ಒಣಗಿದ ದಿನವನ್ನು ಹೇಳುವುದಿಲ್ಲ. ಎರಡನೇ ಭಾನುವಾರ ಕಳೆದು ಬಂದ ಸೋಮವಾರವನ್ನು ಹೇಳುತ್ತೇನೆ.

ಆ ಸೋಮವಾರ ಅಡ್ಡಾದಲ್ಲಿ ನೂರು ಜನ ಇದ್ದಿರಬೇಕು. ನನ್ನ ಹಳೇ ತಂಡವೂ ಇತ್ತು. ಆಕೆ ತನ್ನ ಕಂಬದ ಹತ್ತಿರ ನಿಂತಿದ್ದಳು. ನಾನು ನಡುವೆ ನಿಂತು, ಎರಡು ಮಹಡಿ ಮೇಲಿನ ಆಳಿಗೆ ಕೂಗುವ ದನಿಯಲ್ಲಿ ಹೇಳಿದೆ.

“ಕೇಳ್ರಿ ಎಲ್ಲಾರೂ. ಆ ಹೆಣಮಗಳಿಗೆ ದೊಡ್ಡರೋಗ ಇಲ್ಲ, ಇದ್ದಿದ್ದೂ ಇಲ್ಲ. ಅದು ಸಿಮೆಂಟಿಂದ ಆಗೂದು, ಅಂಟೂದಿಲ್ಲ. ನನಗೂ ಅದಾ ಆಗೇತಿ. ಡಾಕ್ಟರ್ ಹೇಳಿ ಆರ ತಿಂಗಳಾತು. ಗೊತ್ತಿದ್ದೂ ನಾ ಹೇಳಲಿಲ್ಲ. ಆಕಿ ಅನ್ನ ತಗದಾಂವ ನಾನು.”

ಮೊದಲು ನಗು. “ಮೇಸ್ತ್ರಿ ಮೈಯಾಗ ಯೇಸು ಹೊಕ್ಕಾನಪೋ!” ಎಂದ ಒಬ್ಬ. “ಇಬ್ರಿಗೂ ಒಂದಾ ರೋಗ, ಒಂದಾ ದೇವ್ರು. ಲಗ್ನ ಹಚ್ಚಿಬಿಡ್ರಿ!” ಎಂದ ಇನ್ನೊಬ್ಬ. ಯಾರೋ ಸೀಟಿ ಹೊಡೆದರು. ನನ್ನ ಜಾಗಕ್ಕೆ ಬಂದ ಆ ಹಿರಿಯ ಆಳು ಮಾತ್ರ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದ.

“ಹಂಗಾದ್ರ ಆವತ್ತ ಆಕಿ ಹೇಳಿದ್ದು ಖರೇ ಏನ್ರಿ?”

“ಖರೆ.”

“ನಮ್ಮ ಕಡಿಂದನೂ ಹೊಲಸ ಕೆಲಸ ಮಾಡಿಸಿದ್ರಲ್ಲ ಮೇಸ್ತ್ರಿ.” ನನ್ನ ಕಾಲ ಹತ್ತಿರ ಉಗುಳಿ ತಿರುಗಿ ಹೋದ. ಆ ಉಗುಳನ್ನು ದಾಟಿ ಯಾರೂ ನನ್ನ ಹತ್ತಿರ ಬರಲಿಲ್ಲ.

ಒಡೆದ ಮನೆಯ ಕಲ್ಲುಮಣ್ಣು ಎತ್ತಲು ಆಳು ಬೇಕೆಂದು ಒಂದು ಗಾಡಿ ಬಂದು ನಿಂತಿತು. ಗುತ್ತಿಗೆದಾರನ ಮನುಷ್ಯ ನಮ್ಮ ಕಡೆಯವನೇ. ಹೆಂಗಸರನ್ನು ಎಣಿಸುತ್ತಾ ಹೋಗಿ ಮುಂದಿನ ಕಂಬದ ಹತ್ತಿರ ತಡೆದ, ಒಂದು ಗಳಿಗೆ ನಿಂತ, ಆಮೇಲೆ “ನೀನೂ ಹತ್ತಬೇ” ಎಂದ. ಆಕೆ ಹತ್ತಿದಳು. ಅಲ್ಲಿಂದಲೇ ನನ್ನ ಕಡೆ ಬೆರಳು ಮಾಡಿದಳು.

“ಅಣ್ಣಾರ, ಇವರ್ನೂ ಹಾಕ್ಕೋರಿ. ಸಿಮೆಂಟ್ ಮುಟ್ಟೂದಿಲ್ಲ, ಕಲ್ಲ ಹೊರ್ತಾರ. ಹೆಣ್ಣಾಳಿನ ಪಗಾರ ಕೊಡ್ರಿ, ಸಾಕು.”

ಅಡ್ಡಾ ಅಡ್ಡಾವೇ ಹೊಟ್ಟೆ ಹಿಡಿದು ನಕ್ಕಿತು. ಇಪ್ಪತ್ತು ವರ್ಷ ಮುಂದಿನ ಸೀಟಿನಲ್ಲಿ ಕೂತು ಹೋದವನು ನಾನು. ಗಾಡಿಯ ಹಿಂದಿನ ತಗಡು ಹಿಡಿದು ನಿಂತೆ.

“ಕ್ಷಮಿಸಿದೇನವ್ವಾ?” ಎಂದೆ, ಆಕೆಗೆ ಮಾತ್ರ ಕೇಳುವಂತೆ.

“ಮೊದ್ಲ ಹತ್ತರಿ. ಗಾಡಿ ಬಿಡಾಕತ್ತೈತಿ.”

ಒಡೆದ ಕೈಯಿಂದ ತಗಡು ಹಿಡಿದು ಮೈ ಎತ್ತಿದೆ. ಆಕೆ ಕೈ ಕೊಡಲಿಲ್ಲ. ಮೊಣಕಾಲು ಮಡಚಿಕೊಂಡು ಒಂದು ಆಳು ಕೂಡುವಷ್ಟು ಜಾಗ ಬಿಟ್ಟಳು.