ಟ್ರೇಲರಿನ ಮೂತಿ ಭಾರ

ರಘೋತ್ತಮ ಮೂವತ್ತು ವರ್ಷ ಟ್ರಾಯ್‌ನ ಬ್ರೇಕ್ ಬಿಡಿಭಾಗಗಳ ಕಂಪನಿಯೊಂದರಲ್ಲಿ ಅಳತೆ ನೋಡುವ ಎಂಜಿನಿಯರ್ ಆಗಿದ್ದ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸುವ ಮನುಷ್ಯ. ಅವನ ಫೋನ್ ಬಂತೆಂದರೆ ಮಾಲು ಪೂರೈಸುವವರು ನಿಟ್ಟುಸಿರು ಬಿಡುತ್ತಿದ್ದರು. ಈ ಏಪ್ರಿಲ್‌ನಲ್ಲಿ ನಿವೃತ್ತನಾದ. ಸೌತ್‌ಫೀಲ್ಡ್‌ನಲ್ಲಿ ಮಕ್ಕಳ ಡಾಕ್ಟರಾಗಿದ್ದ ಹೆಂಡತಿ ಇಂದುಮತಿಯೂ ಕೆಲಸ ಬಿಟ್ಟಳು. ಸುತ್ತಾಡಲೆಂದು ಇಬ್ಬರೂ ಒಂದು ಹಳೆಯ ಟ್ರಾವೆಲ್ ಟ್ರೇಲರ್ ಕೊಂಡರು. ಮಂಚ, ಒಲೆ, ಬಚ್ಚಲು ಎಲ್ಲ ಇದ್ದ, ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ ಅದು.

ಜುಲೈನ ಒಂದು ಶನಿವಾರ ಬೆಳಿಗ್ಗೆ ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಿಂದ ಉತ್ತರದ ಸರೋವರದ ಕಡೆ ಹೊರಟರು. ಹೈವೇ ಹತ್ತಿ ವೇಗ ಐವತ್ತೈದು ಮೈಲಿ ಮುಟ್ಟುವಷ್ಟರಲ್ಲಿ ಟ್ರೇಲರ್ ತೊನೆದಾಡತೊಡಗಿತು. ಇಂದುಮತಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ರೀ, ನಿಧಾನ!"

"ನಿಧಾನವಾಗೇ ಹೋಗ್ತಿದೀನಿ. ಹಿಚ್ ಸರಿಯಾಗಿ ಕೂತಿಲ್ಲ."

ಟ್ರಕ್ಕಿಗೂ ಟ್ರೇಲರಿಗೂ ನಡುವಿನ ಜೋಡಣೆಯೇ ಹಿಚ್. ಅದರ ಎರಡು ಬದಿಯ ಸರಪಳಿಗಳನ್ನು ಬಿಗಿಸಿದರೆ ಹಿಂದಿನ ಭಾರ ಸ್ವಲ್ಪ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಮುಂದಿನ ಎಕ್ಸಿಟ್‌ನಲ್ಲಿ ಲಾರಿಗಳು ತಂಗುವ ಜಾಗವಿತ್ತು, ಅಲ್ಲೊಂದು ವೇಬ್ರಿಜ್ ಕೂಡ. ರಘೋತ್ತಮ ತೂಗಿಸಿದ. ಟ್ರಕ್ಕಿನ ಮುಂದಿನ ಚಕ್ರಗಳ ಮೇಲೆ ಭಾರ ಕಮ್ಮಿಯಿತ್ತು. ಸರಪಳಿಯನ್ನು ಒಂದು ಕೊಂಡಿ ಬಿಗಿಸಿ ಮತ್ತೆ ತೂಗಿಸಿದ. ಲೆಕ್ಕ ಸರಿಹೋಯಿತು. ಹೈವೇಗೆ ಹೋದರೆ ಅದೇ ತೊನೆದಾಟ.

ತಿರುಗಿ ಬಂದ. ಇನ್ನೊಂದು ಕೊಂಡಿ ಬಿಗಿಸಿದ, ಮೂರನೇ ಸಲ ತೂಗಿಸಿದ, ಮತ್ತೆ ಹೈವೇಗೆ ಹೋದ. ಪ್ರಯೋಜನವಾಗಲಿಲ್ಲ. ನಾಲ್ಕನೇ ಸಲ ಸಾಲಿನಲ್ಲಿ ನಿಂತಾಗ ಹಿಂದಿದ್ದ ಲಾರಿಯವನು ಉದ್ದಕ್ಕೆ ಹಾರ್ನ್ ಬಾರಿಸಿದ. ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಸರಪಳಿ ಬಿಗಿಸುವ ಸನ್ನೆಕೋಲು ಜಾರಿ ರಘೋತ್ತಮನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂದಿತ್ತು.

"ಗುರುಸಿದ್ದ ಅವರಿಗೆ ಒಂದು ಫೋನ್ ಮಾಡ್ಬಾರ್ದಾ?" ಎಂದಳು ಇಂದುಮತಿ. ಟ್ರಾಯ್‌ನಲ್ಲಿರುವ ಧಾರವಾಡದ ಗುರುಸಿದ್ದ ಹತ್ತು ವರ್ಷದಿಂದ ಟ್ರೇಲರ್ ಎಳೆಯುತ್ತಿದ್ದವರು.

"ಇಷ್ಟಕ್ಕೆಲ್ಲ ಅವರನ್ನ ಕೇಳ್ಬೇಕಾ? ನನಗೆ ತೂಕ ನೋಡಕ್ಕೆ ಬರಲ್ವಾ?"

"ಬೆಳಿಗ್ಗೆಯಿಂದ ಅದನ್ನೇ ನೋಡ್ತಿದೀರಲ್ಲ!"

ಅವನು ಕೆಳಗಿಳಿದು ಟ್ರಕ್ಕಿನ ಬಾಗಿಲನ್ನು ದಢಾರನೆ ಮುಚ್ಚಿದ. ಐದು ನಿಮಿಷದ ಮೇಲೆ ಅವಳೇ ಫೋನ್ ಹಚ್ಚಿ, ನಡೆದದ್ದೆಲ್ಲ ಹೇಳಿ, ಸ್ಪೀಕರ್‌ಗೆ ಹಾಕಿ ಅವನ ಮುಂದೆ ಹಿಡಿದಳು.

"ರಘೋತ್ತಮ ಅವರ, ಟ್ರೇಲರ್ ಬಿಚ್ಚಿ ಬರೇ ಟ್ರಕ್ ತೂಗಿಸೀರೇನ್ರಿ?" ಗುರುಸಿದ್ದರ ದನಿ.

"ಇಲ್ಲ," ಎಂದ ರಘೋತ್ತಮ, ಕೈಲಿದ್ದ ತೂಕದ ಚೀಟಿಗಳನ್ನು ತಿರುವುತ್ತ.

"ಮತ್ತ ಹೆಂಗ ಗೊತ್ತಾಗ್ತದ್ರೀ? ಟ್ರೇಲರ್ ಭಾರದಾಗ ನೂರಕ್ಕ ಹತ್ತಕ್ಕಿಂತ ಜಾಸ್ತಿ ಅದರ ಮೂತಿ ಮ್ಯಾಲ, ಅಂದ್ರ ಹಿಚ್ ಮ್ಯಾಲ, ಇರಬೇಕು. ಕಮ್ಮಿ ಇದ್ರ ಬಾಲ ಅಳ್ಳಾಡ್ತದ. ನೀವು ಸರಪಳಿ ಎಷ್ಟ ಬಿಗದ್ರೂ ಅಷ್ಟ."

ರಘೋತ್ತಮ ಹಲ್ಲು ಕಚ್ಚಿಕೊಂಡು ಟ್ರೇಲರನ್ನು ಮೂಲೆಯಲ್ಲಿ ಬಿಚ್ಚಿಟ್ಟು ಬರೀ ಟ್ರಕ್ ತೂಗಿಸಿದ. ಚೀಟಿಗಳನ್ನು ಬಾನೆಟ್ ಮೇಲೆ ಹರವಿ ಕಳೆದು ನೋಡಿದ. ಟ್ರೇಲರ್ ಆರು ಸಾವಿರ ಪೌಂಡ್. ಮೂತಿಯ ಮೇಲೆ ಬರೀ ನಾನೂರ ಎಂಬತ್ತು. ಮೊದಲ ಗಂಟೆಯಲ್ಲೇ ಕಾಣಬೇಕಾದದ್ದು ಅವನಿಗೆ ಮಧ್ಯಾಹ್ನ ಎರಡಕ್ಕೆ ಕಂಡಿತ್ತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಮಾನ ಕಳೆಯುತ್ತಿದ್ದ.

"ಹಿಂದ ಏನ್ ತುಂಬೀರಿ?" ಎಂದು ಮತ್ತೆ ಫೋನ್ ಹಚ್ಚಿದಾಗ ಕೇಳಿದರು ಗುರುಸಿದ್ದ.

"ನೀರು," ಎಂದಳು ಇಂದುಮತಿ. "ಹಿಂದಿನ ಟ್ಯಾಂಕ್ ಫುಲ್ ಮಾಡಿದಾರೆ, ನಲವತ್ತು ಗ್ಯಾಲನ್."

ದಾರಿಯಲ್ಲಿ ಬೇಕಾದೀತೆಂದು ತುಂಬಿಸಿದವನು ಅವನೇ. ನೀರೆಲ್ಲ ಹುಲ್ಲಿನ ಮೇಲೆ ಹರಿದುಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಮತ್ತೆ ಹಿಚ್ ಕಟ್ಟಿ, ಹೆಚ್ಚಿಗೆ ಬಿಗಿಸಿದ್ದ ಸರಪಳಿ ಸಡಿಲಿಸಿ ತೂಗಿಸಿದ. ಮೂತಿಯ ಭಾರ ಆರುನೂರು ದಾಟಿತ್ತು.

ಅಷ್ಟರಲ್ಲಿ ನಾಲ್ಕೂವರೆ. ಸರೋವರ ಇನ್ನೂ ಇನ್ನೂರೈವತ್ತು ಮೈಲಿ. ಮನೆಯ ಕಡೆ ತಿರುಗಿಸಿದರು. ಅರವತ್ತು ಮೈಲಿ ವೇಗದಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲೇ ದಾಟಿಹೋಯಿತು. ಟ್ರೇಲರ್ ಒಮ್ಮೆ ಅದುರಿ ನೆಟ್ಟಗಾಯಿತು. ರಘೋತ್ತಮನ ಮುಖ ಮಾತ್ರ ಸಡಿಲವಾಗಲಿಲ್ಲ.

"ನಾಳೆ ಆರಕ್ಕೆ ಹೊರಡೋಣ," ಎಂದ.

"ಎಂಟಕ್ಕೆ," ಎಂದಳು ಇಂದುಮತಿ. "ನಂಗೂ ಸಾಕಾಗಿದೆ."