ಗೋದಲಿಗೆ ಬಿತ್ತಿದ ರಾಗಿ

ಮೊನ್ನೆ, ನನಗಿಂತ ಹತ್ತು ವರ್ಷ ಚಿಕ್ಕವಳಾದ ತಂಗಿಯ ಕೂಸಿಗೆ ಸರಿಹಿಟ್ಟು ಮಾಡಿಕೊಡೋಣವೆಂದು ರಾಗಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಮಾರನೆಯ ದಿನ ಗಂಟು ಬಿಚ್ಚಿದಾಗ ಮೊಳಕೆಯ ಹಸಿ ವಾಸನೆ ಮೂಗಿಗೆ ಬಡಿಯಿತು ನೋಡಿ, ನಿಂತಲ್ಲೇ ಪಾಲಹಳ್ಳಿಯ ನಮ್ಮ ಹಳೇ ಮನೆಯ ಅಂಗಳಕ್ಕೆ ಹೋಗಿಬಿಟ್ಟೆ. ಕ್ರಿಸ್‌ಮಸ್ ಎಂದರೆ ಎಲ್ಲರಿಗೂ ಕೇಕಿನ ವಾಸನೆಯಂತೆ. ನನಗೆ ಅದು ಮೊಳೆತ ರಾಗಿ, ಹೊಸ ಭತ್ತದ ಹುಲ್ಲು, ಅವ್ವ ಕಜ್ಜಾಯಕ್ಕೆ ಕಾಯಿಸುತ್ತಿದ್ದ ಬೆಲ್ಲದ ಪಾಕ. ನಗುವವರು ನಗಲಿ.

ಹಬ್ಬಕ್ಕೆ ಹತ್ತು ದಿನವಿದೆ ಎನ್ನುವಾಗ ಅಜ್ಜಿ ಅಂಚು ಸೊಟ್ಟಗಾದ ಒಂದು ತಗಡಿನ ತಟ್ಟೆಯನ್ನು ಅಟ್ಟದಿಂದ ಇಳಿಸುತ್ತಿದ್ದಳು. ಅದಕ್ಕೆ ನಾಲೆಯ ಮೆಕ್ಕಲು ಮಣ್ಣು ತುಂಬಿ ನನ್ನ ಕೈಯಿಂದ ರಾಗಿ ಚೆಲ್ಲಿಸುತ್ತಿದ್ದಳು. ಹಬ್ಬದ ಹೊತ್ತಿಗೆ ಬೆರಳುದ್ದಕ್ಕೆ ಏಳುವ ಆ ಪೈರೇ ನಮ್ಮ ಗೋದಲಿಯ ಹುಲ್ಲುಗಾವಲು. ಯೇಸುಸ್ವಾಮಿ ಹುಟ್ಟಿದ ಕೊಟ್ಟಿಗೆಯನ್ನು ಹುಲ್ಲು, ಬಿದಿರು, ಗೊಂಬೆಗಳಿಂದ ಮನೆಯೊಳಗೆ ಕಟ್ಟುವುದಕ್ಕೆ ನಮ್ಮಲ್ಲಿ ಗೋದಲಿ ಎನ್ನುತ್ತಾರೆ. ಬಿತ್ತುವಾಗ ಮನಸ್ಸಿನಲ್ಲೇ ಒಂದು ಬೇಡಿಕೆ ಹೇಳಿಕೊಳ್ಳಬೇಕು, ಹಬ್ಬದವರೆಗೆ ಅದನ್ನು ಬಾಯಿ ಬಿಡಬಾರದು ಎಂಬುದು ಅಜ್ಜಿಯ ಕಾನೂನು. ಭಾನುವಾರದ ಜ್ಞಾನೋಪದೇಶದಲ್ಲಿ ಇಂಥದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ನನಗೆ ಚರ್ಚಿನ ಗುರುಗಳ ಪಾಠಕ್ಕಿಂತ ಅಜ್ಜಿಯ ಕಾನೂನಿನಲ್ಲೇ ಹೆಚ್ಚು ನಂಬಿಕೆ.

ನನಗೆ ಎಂಟು ತುಂಬಿದ ವರ್ಷ ನಾನು ಕೇಳಿಕೊಂಡದ್ದು ಒಂದೇ: ಅಪ್ಪ ಚರ್ಚಿಗೆ ಬರಲಿ. ಅದಕ್ಕೆ ಎರಡು ವರ್ಷ ಹಿಂದೆ ನನ್ನ ತಮ್ಮ, ಹತ್ತು ತಿಂಗಳ ಕೂಸು, ಜ್ವರ ಬಂದು ತೀರಿಹೋಗಿದ್ದ. ಮಣ್ಣು ಮಾಡಿ ಬಂದ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ನನ್ ಮಗೀನ ಉಳಿಸ್ಕೊಡದ ದೇವ್ರ ಮುಂದೆ ಮೊಣಕಾಲೂರಕ್ಕೆ ನನ್ ಕೈಲಾಗಕಿಲ್ಲ." ಅವ್ವ ಅತ್ತಳು, ಗುರುಗಳು ಮನೆಗೆ ಬಂದು ಕಾಫಿ ಕುಡಿದು ಬುದ್ಧಿ ಹೇಳಿ ಹೋದರು, ಅಪ್ಪ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಪ್ರತಿವರ್ಷ ಗೋದಲಿ ಕಟ್ಟುತ್ತಿದ್ದವನು ಅದನ್ನೂ ಬಿಟ್ಟ. ಅಜ್ಜಿ ತಾನೇ ಕಟ್ಟಿದರೆ, ಕೂಸು ಯೇಸುವನ್ನು ನೋಡಲು ಬಂದ ಮೂವರು ರಾಜರ ಗೊಂಬೆಗಳೂ ಒಂದೇ ಕಡೆ ವಾಲಿಕೊಂಡು ನಿಂತಿರುತ್ತಿದ್ದವು. ಮನೆಯಲ್ಲಿ ಅಪ್ಪನನ್ನು ಬೈಯುವವರು ಯಾರೂ ಇರಲಿಲ್ಲ. ನನಗೆ ಅದೇ ಹೆಚ್ಚು ಭಯವಾಗುತ್ತಿತ್ತು.

ಆ ವರ್ಷ ಪೈರು ಸೊಂಪಾಗಿ ಬಂದಿತ್ತು. ನಾನು ದಿನಕ್ಕೆ ನಾಲ್ಕು ಸಲ ಬೆರಳಿಟ್ಟು ಅಳೆದು ಬರುತ್ತಿದ್ದೆ. ಹಬ್ಬಕ್ಕೆ ಎರಡೇ ದಿನ ಇರುವಾಗ ತಟ್ಟೆಯನ್ನು ಅಂಗಳದ ಬಿಸಿಲಿಗಿಟ್ಟು, ಕಜ್ಜಾಯ ತಟ್ಟಲು ಅವ್ವನ ಹತ್ತಿರ ಓಡಿದೆ. ತಟ್ಟಿದ್ದಕ್ಕಿಂತ ನಾನು ತಿಂದದ್ದೇ ಜಾಸ್ತಿ. ಬಾಯಿ ಒರೆಸಿಕೊಂಡು ಹೊರಗೆ ಬಂದಾಗ ನಮ್ಮ ಕರು ಗೌರಿ ಹಗ್ಗ ಬಿಚ್ಚಿಕೊಂಡು ಬಂದು ತಟ್ಟೆಯ ಪೈರನ್ನು ಬುಡಮಟ್ಟ ಮೇಯ್ದು, ಮಣ್ಣು ನೆಕ್ಕುತ್ತಿತ್ತು. ನಾನು ಊರು ಕೇಳುವ ಹಾಗೆ ಕಿರುಚಿದೆ. ಅಜ್ಜಿ ಓಡಿ ಬಂದು ನೋಡಿ, ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. "ಅಳಬ್ಯಾಡ ಕಣ್ ಮಗಾ. ದನದ ಕೊಟ್ಗೇಲಿ ಹುಟ್ದೋನು ಅವ್ನು. ಕರ ತಿಂದ್ರೆ ಬ್ಯಾಜಾರ್ ಮಾಡ್ಕತಾನಾ?"

ನನಗೆ ಯೇಸುಸ್ವಾಮಿಯ ಬೇಜಾರಿನ ಚಿಂತೆಯಿರಲಿಲ್ಲ. ಅಜ್ಜಿಯ ಕಾನೂನು ಮರೆತು, "ಇನ್ ಅಪ್ಪ ಚರ್ಚಿಗೆ ಬರಕಿಲ್ಲ, ನಾನ್ ಅದನ್ನೇ ಕೇಳ್ಕಂಡಿದ್ದೆ" ಎಂದು ಗೋಳಾಡಿಬಿಟ್ಟೆ. ತಿರುಗಿ ನೋಡಿದರೆ ಸಗಣಿ ಮಂಕರಿ ಹಿಡಿದು ಅಪ್ಪ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದ. ಮಂಕರಿ ಸುರಿದು ತೊಳೆದು, ಗುದ್ದಲಿ ತೆಗೆದುಕೊಂಡು ನಾಲೆಯ ಕಡೆ ಹೋದ. ಸ್ವಲ್ಪ ಹೊತ್ತಿಗೆ ಬೇರು ಮಣ್ಣಿನ ಸಮೇತ ಅಗೆದ ಹಸಿರು ಗರಿಕೆಯನ್ನು ಮಂಕರಿ ತುಂಬ ತಂದ. "ಇದ ಎಂಥ ಕರ ಬಂದ್ರೂ ಒಂದೇ ಏಟ್ಗೆ ತಿನ್ನಕಾಗಕಿಲ್ಲ, ಬುಡು" ಎಂದವನೇ ಬಿದಿರು ಸೀಳಲು ಕುಳಿತ. ಎರಡು ವರ್ಷದ ಮೇಲೆ ನಮ್ಮ ಗೋದಲಿಯ ರಾಜರು ನೆಟ್ಟಗೆ ನಿಂತರು. ಚರ್ಚಿನ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹಬ್ಬದ ಬೆಳಿಗ್ಗೆ ಅಜ್ಜಿ, ಅವ್ವ, ನಾನು ಮೂವರೇ ಚರ್ಚಿಗೆ ಪೂಜೆಗೆ ಹೋದೆವು. ಹಾಡು ಶುರುವಾದ ಮೇಲೆ ಹಿಂದಕ್ಕೆ ತಿರುಗಿದರೆ ಬಾಗಿಲ ಹೊರಗೆ ಅಪ್ಪ! ಹೆಗಲ ಮೇಲೆ ಟವೆಲು, ಕಾಲಲ್ಲಿ ಚಪ್ಪಲಿ. ಕೈ ಮುಗಿದಿರಲಿಲ್ಲ, ಸುಮ್ಮನೆ ಒಳಗೆ ನೋಡುತ್ತಿದ್ದ. ಎಳೆದು ತರಲು ನಾನು ಎದ್ದೆ. ಅಜ್ಜಿ ಫ್ರಾಕಿನ ತುದಿ ಹಿಡಿದು ಕೂರಿಸಿದಳು. "ಬಾಗ್ಲಗಂಟ ಬಂದವ್ನೆ. ಒಳೀಕ್ ಕರ್ಕಳೋದು ಯೇಸುಸ್ವಾಮಿ ಕೆಲ್ಸ, ನಿಂದಲ್ಲ." ಅವಳ ಕಣ್ಣು ತುಂಬಿತ್ತು. ನನಗೆ ಮಾತ್ರ ಅರ್ಧ ಬೇಡಿಕೆ ಈಡೇರಿಸಿದ ದೇವರ ಮೇಲೆ ಸಿಟ್ಟೇ ಬಂತು.

ಅಲ್ಲಿಂದ ಮುಂದೆ ಪ್ರತಿ ಕ್ರಿಸ್‌ಮಸ್ಸಿಗೂ ಅಪ್ಪ ಬಂದ, ಅದೇ ಜಾಗದಲ್ಲಿ ನಿಂತ, ಹೊಸ್ತಿಲು ಮಾತ್ರ ದಾಟಲಿಲ್ಲ. ಅಜ್ಜಿ ತೀರಿಕೊಂಡಾಗ ಅವಳ ಪೆಟ್ಟಿಗೆಗೆ ಮನೆಯಿಂದ ಹೆಗಲು ಕೊಟ್ಟು ತಂದವನು ಚರ್ಚಿನ ಬಾಗಿಲಲ್ಲಿ ಇನ್ನೊಬ್ಬರಿಗೆ ಹೆಗಲು ಬದಲಿಸಿ ಹೊರಗುಳಿದ. ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. ಮೊಣಕಾಲೂರಿದ ನನಗಿಂತ ಬಾಗಿಲಲ್ಲಿ ನಿಂತ ಅವನೇ ದೇವರೊಡನೆ ಹೆಚ್ಚು ಮಾತಾಡುತ್ತಿದ್ದನೇನೋ ಎಂದು ಈಗಲೂ ಅನ್ನಿಸುತ್ತದೆ.

ಹೋದ ವರ್ಷ ಅಪ್ಪನೂ ಹೋದ. ನಾಲ್ಕು ಜನ ಹೊತ್ತು ತಂದರು. ಚರ್ಚಿನ ಬಾಗಿಲು ಬಂದಾಗ ನಾನು ಅಡ್ಡ ನಿಂತು, "ಒಂದ್ ಗಳಿಗೆ ಇಲ್ಲೇ ನಿಂತ್ಕಳಿ" ಎಂದೆ. ಪೆಟ್ಟಿಗೆ ಹೊತ್ತವರು ನಿಂತರು. ಆಮೇಲೆ ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ, ಅಪ್ಪನ ಪೆಟ್ಟಿಗೆ ಹೊಸ್ತಿಲು ದಾಟಿತು.