ಏಳನೇ ರುಜು

“ಆ ನಾಟಕ ಓದುವಾಗ ನಿನ್ನ ಕಣ್ಣಲ್ಲಿ ನೀರು ಬಂದಿದ್ದನ್ನ ನಾನೇ ನೋಡಿದೀನಿ. ನಾನು ಇಲ್ಲೇ ಇಸ್ತ್ರಿ ಮಾಡ್ತಿದ್ದೆ, ನೀನು ಬಟ್ಟೆ ಗಂಟಿನ ಮೇಲೆ ಕೂತು ಗಟ್ಟಿಯಾಗಿ ಓದ್ತಿದ್ದೆ. ಯಾವುದೋ ಕಾಲದ ಊರು, ಎದ್ದರೂ ಪಾಪ, ಕೂತರೂ ಪಾಪ ಅನ್ನೋ ಜನ. ನಾಲ್ಕು ಹುಡುಗೀರು ನೆಲಕ್ಕೆ ಬಿದ್ದು ಹೊರಳಾಡಿ, ಇವಳು ಮಾಟಗಾತಿ, ಅವಳು ಮಾಟಗಾತಿ ಅಂತ ಬೆರಳು ತೋರಿಸಿದ್ರು. ದೊಡ್ಡೋರೆಲ್ಲ ತಲೆ ಆಡಿಸಿದ್ರು. ಸುಳ್ಳು ಒಪ್ಪಿಕೊಂಡೋರು ಬದುಕಿಕೊಂಡ್ರು, ಒಪ್ಪದೋರು ನೇಣಿಗೆ ಹೋದ್ರು. ‘ಒಬ್ಬರಾದ್ರೂ ಬಾಯಿ ಬಿಡಬಾರದಿತ್ತಾ ಅಜ್ಜಿ?’ ಅಂತ ಕೇಳಿದ್ದು ಯಾರು? ನೀನೇ ತಾನೆ? ಈ ಕಾಗದದಲ್ಲಿ ಏಳನೇ ರುಜು ಯಾರದು? ಅದೂ ನಿಂದೇ! ನಿನ್ನ ಕಣ್ಣೀರಿಗಿಷ್ಟು ಬೆಂಕಿ ಬೀಳ!”

ಹಾಸ್ಟೆಲಿನ ಇಸ್ತ್ರಿ ಅಜ್ಜಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವಳಿಗೆ ಓದು ಬರದು, ಆದರೆ ಮೊಮ್ಮಗಳ ರುಜುವಿಗೆ ಇರುವ ಬಾಲ ಗೊತ್ತು. ಅದೇ ಶಾಲೆಯಲ್ಲಿ ಓದುವ ಮೊಮ್ಮಗಳು ಜಡೆಯ ತುದಿ ಕಚ್ಚುತ್ತ ಬಾಗಿಲಲ್ಲಿ ನಿಂತಿದ್ದಳು.

ಆ ಕಾಗದ ಬಟ್ಟೆ ಒಗೆಯುವ ಗೊಣಗಕ್ಕನ ಮೇಲಿನ ದೂರು. ಅದನ್ನು ಮೇಲಿನವರಿಗೆ ಕಳಿಸಿದರೆ ಅವಳು ಮನೆಗೆ. ಹದಿನೈದು ದಿನದಿಂದ ಹುಡುಗಿಯರ ಕತ್ತು, ಕಂಕುಳಲ್ಲಿ ಕೆಂಪು ಗುಳ್ಳೆ ಎದ್ದು ಒಂದೇ ಸಮ ತುರಿಕೆ. ಹಾಸ್ಟೆಲಿನಲ್ಲಿ ಪ್ರತಿ ಅಂಗಿಯ ಕಾಲರಿನೊಳಗೆ, ಹೊದಿಕೆಯ ಅಂಚಿನಲ್ಲಿ ಹುಡುಗಿಯ ನಂಬರನ್ನು ಕೆಂಪು ದಾರದಲ್ಲಿ ಹೊಲಿದಿರುತ್ತಾರೆ. ಹಿಂಡುವಾಗ ಗೊಣಗಕ್ಕ ಆ ನಂಬರುಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಾಳೆ, ಬಟ್ಟೆ ತಪ್ಪಿಹೋಗದಿರಲಿ ಎಂದು. ಯಾವಳೋ ಒಬ್ಬಳು ಅದನ್ನು ಮಂತ್ರ ಎಂದಳು. ಸಂಜೆಯೊಳಗೆ ಹತ್ತು ಜನಕ್ಕೆ ಅದು ಮಂತ್ರವೇ ಆಯಿತು. ಮಾಟ ಎಂದು ಬರೆದರೆ ನಗೆಪಾಟಲು. ಅದಕ್ಕೇ ವಾರ್ಡನ್ ಮೇಡಂ ‘ದ್ವೇಷದಿಂದ ಬಟ್ಟೆಗೆ ಏನೋ ಬೆರೆಸಿದ್ದಾಳೆ’ ಎಂದು ನಾಜೂಕಾಗಿ ಬರೆಸಿದ್ದರು.

“ಎಲ್ಲರೂ ಹಾಕಿದ್ರು ಅಜ್ಜಿ. ಹಾಕದಿದ್ರೆ ನೀನೂ ಅವಳ ಕಡೇನಾ ಅಂತಾರೆ.”

“ಅದನ್ನೇ ಅಲ್ವಾ ಪರೀಕ್ಷೇಲಿ ಎರಡು ಪುಟ ಗೀಚಿ ಹತ್ತಕ್ಕೆ ಒಂಬತ್ತು ತಗೊಂಡಿದ್ದು! ಉಳಿದ ಒಂದು ಯಾಕೆ ಹೋಯ್ತು ಅಂತ ಈಗ ಗೊತ್ತಾಯ್ತು ನಂಗೆ.”

ಅಷ್ಟರಲ್ಲಿ ವಾರ್ಡನ್ ಮೇಡಂ ಒಳಗೆ ಬಂದರು. “ಏನಜ್ಜಿ, ಹೆಬ್ಬೆಟ್ಟು ಒತ್ತಿದ್ರಾ? ನೀವು ಅವಳ ಪಕ್ಕದಲ್ಲೇ ಇರೋರು. ನಿಮ್ಮ ಮಾತಿಗೆ ತೂಕ ಇದೆ.”

ಅಜ್ಜಿ ಕಾಗದವನ್ನು ಬದಿಗೆ ಸರಿಸಿ ಬಿಳಿಯ ದಿಂಬಿನ ಚೀಲವೊಂದನ್ನು ಮೇಜಿಗೆ ಹಾಸಿ ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಚುಂಯ್ ಎಂದಿತು. ಎತ್ತಿದರೆ ಹಳದಿ ಕಲೆ, ಮೂಗಿಗೆ ಅಡರುವ ಸೋಪಿನ ಘಾಟು.

“ಮೂಸಿ ನೋಡಿ ಮೇಡಂ. ಸೋಪು ಉಳಿದ ಬಟ್ಟೆಗೆ ಬಿಸಿ ತಾಗಿದ್ರೆ ಹೀಗಾಗುತ್ತೆ. ಮೊದಲು ಮೂರು ನೀರಲ್ಲಿ ಜಾಲಿಸ್ತಿದ್ಲು. ಒಂದೇ ನೀರು ಸಾಕು ಅಂದೋರು ಯಾರು?”

“ನೀರೇ ಬರದಿದ್ರೆ ನಾನೇನು ಮಾಡ್ಲಿ?”

“ಹಾಗಂತ ಬರೀರಿ. ಅದಕ್ಕೆ ಬೇಕಾದ್ರೆ ಹೆಬ್ಬೆಟ್ಟೇನು, ಹತ್ತೂ ಬೆರಳು ಒತ್ತುತೀನಿ.”

ಮಾತು ಗಟ್ಟಿಯಾಗಿಯೇ ಬಂತು. ಅಜ್ಜಿಯ ಸಿಟ್ಟು ಮಾತ್ರ ಮೇಡಂ ಮೇಲಷ್ಟೇ ಅಲ್ಲ, ತನ್ನ ಮೇಲೂ. ಹದಿನೈದು ದಿನದಿಂದ ಈ ಕಲೆ ಕಂಡಿದ್ದಳು. ದೊಡ್ಡವರ ಗೊಡವೆ ಯಾಕೆ ಎಂದು ಕಲೆ ಒಳಮೈಗೆ ಹೋಗುವಂತೆ ನೀಟಾಗಿ ಮಡಿಸಿ ಇಟ್ಟವಳೂ ಅವಳೇ.

“ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಜ್ಜಿ,” ಎಂದು ಮೇಡಂ ಕಾಗದಕ್ಕೆ ಕೈ ಹಾಕಿದರು.

“ಮೇಡಂ, ನನ್ನ ಹೆಸರು ಹೊಡೆದುಹಾಕಿ,” ಎಂದು ಮೊಮ್ಮಗಳು ಜಡೆ ಬಿಟ್ಟು ಮೇಜಿನ ಹತ್ತಿರ ಬಂದಳು.

“ನೀನೇ ಹಾಕಿದ್ದು, ನೀನೇ ಹೊಡಿ,” ಎಂದು ಅಜ್ಜಿ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲನ್ನು ಅವಳ ಕೈಗೆ ತುರುಕಿದಳು. ಅವಳು ಕಾಗದ ಹರಿಯುವಷ್ಟು ಒತ್ತಿ ಗೀಟೆಳೆದಳು.

“ಇನ್ನೂ ಆರು ಇದೆ,” ಎಂದು ಮೇಡಂ ಕಾಗದ ಮಡಿಸಿಕೊಂಡು ಹೊರಟರು.

“ಇರಲಿ! ನಾಳೆ ಈ ದಿಂಬಿನ ಚೀಲ ಹಿಡ್ಕೊಂಡು ಮೇಲಿನವರ ಹತ್ರ ನಾನೇ ಹೋಗ್ತೀನಿ!” ಅಜ್ಜಿ ಹಿಂದಿನಿಂದ ಕೂಗಿದಳು.

ಹಿತ್ತಲ ಕಲ್ಲಿನ ಮೇಲೆ ಗೊಣಗಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಎರಡು ದಿನದಿಂದ ನಂಬರು ಹೇಳಲೂ ಅವಳಿಗೆ ಭಯ.

“ಎದ್ದೇಳು. ನಂಬರು ಗಟ್ಟಿಯಾಗಿ ಹೇಳು,” ಎಂದಳು ಅಜ್ಜಿ. “ಕೇಳಿಸಿಕೊಳ್ಳೋರು ಕೇಳಿಸಿಕೊಳ್ಳಲಿ. ನೀನು ನೀರು ತಾ,” ಎಂದು ಮೊಮ್ಮಗಳಿಗೆ ಕೊಡ ಕೊಟ್ಟಳು.

ಹುಡುಗಿ ಬೀದಿಯ ಕೈಪಂಪಿನಿಂದ ನೀರು ಹೊತ್ತು ತಂದು ಬಟ್ಟೆ ತುಂಬಿದ ತೊಟ್ಟಿಗೆ ಸುರಿದಳು. ಮೊದಲನೇ ನೀರು ಹಾಲಿನಂತಾಯಿತು. ಎರಡನೆಯದೂ ಕದಡಿತು. ಮೊಮ್ಮಗಳ ತೋಳು ಸೋತಿತ್ತು, ಆದರೂ ಮೂರನೆಯದನ್ನೂ ತಂದಳು. ಅಜ್ಜಿ ಸೀರೆ ಎತ್ತಿ ಕಟ್ಟಿ, “ಇಪ್ಪತ್ತೇಳು... ನಲವತ್ತು...” ಎನ್ನುವ ಗೊಣಗಕ್ಕನ ಎದುರು ಹಾಸಿಗೆ ಹೊದಿಕೆಯ ಇನ್ನೊಂದು ತುದಿ ಹಿಡಿದು, ಮೂರನೇ ನೀರಿನಲ್ಲಿ ಅದ್ದಿ, ಹಿಂಡತೊಡಗಿದಳು.